ಅರ್ಥವಾಗದ ಹತ್ತು ಪುಟ: ವಿಜ್ಞಾನ ಕಥೆ ಓದಲು ಹೊರಟವರಿಗೆ ಹದಿಮೂರು ಸೂತ್ರ

‘ಇಂಟರ್‌ಸ್ಟೆಲ್ಲಾರ್’ ನೋಡಿ ಬಂದ ಹುಮ್ಮಸ್ಸಿನಲ್ಲಿ ‘ಡ್ಯೂನ್’ ಕೊಂಡವರಿದ್ದಾರೆ. ಸೀರೀಸ್ ನೋಡಿ ಮುಗಿಸಿ ‘ದಿ ತ್ರೀ ಬಾಡಿ ಪ್ರಾಬ್ಲಂ’ ತರಿಸಿಕೊಂಡವರೂ ಇದ್ದಾರೆ. ನಲವತ್ತನೇ ಪುಟಕ್ಕೆ ಬಸ್ ಟಿಕೆಟ್ ಗುರುತಿಟ್ಟು ಪುಸ್ತಕವನ್ನು ಕಪಾಟಿಗೆ ಸೇರಿಸಿದವರೂ ಇವರೇ. ಯಾಕೆ ಬಿಟ್ಟಿರಿ ಎಂದರೆ ಬರುವ ಉತ್ತರ ಸಾಮಾನ್ಯವಾಗಿ ಒಂದೇ: ‘ನಾನು ಬಿ.ಎ. ಓದಿದವಳು, ಸೈನ್ಸ್ ತಲೆಗೆ ಹೋಗಲ್ಲ.’ ತಮಾಷೆಯೆಂದರೆ ಬಿ.ಇ. ಓದಿದವರೂ ಅದೇ ನಲವತ್ತನೇ ಪುಟದಲ್ಲಿ ನಿಂತಿರುತ್ತಾರೆ. ಅಂದಮೇಲೆ ತೊಡಕು ಸೈನ್ಸಿನದಿರಲಾರದು. ಏನು ನಡೆಯುತ್ತಿದೆ ಎಂದು ಪೂರ್ತಿ ತಿಳಿಯದೆಯೂ ಒಂದಷ್ಟು ದೂರ ನಡೆಯುವ ತಾಳ್ಮೆಯನ್ನು ಈ ಬಗೆಯ ಕತೆಗಳು ಕೇಳುತ್ತವೆ. ಬೇರೆ ಕಾದಂಬರಿಗಳು ಅದನ್ನು ಇಷ್ಟು ಜುಲುಮೆಯಿಂದ ಕೇಳುವುದಿಲ್ಲ. ಕೆಳಗಿನ ಸೂತ್ರಗಳೆಲ್ಲ ಬಹುಪಾಲು ಆ ಒಂದು ತಾಳ್ಮೆಯ ಸುತ್ತಲಿನವು.

1. ಸಣ್ಣ ಕತೆಯಿಂದ ಶುರು ಮಾಡಿ

ಆರುನೂರು ಪುಟದ ಕಾದಂಬರಿಯನ್ನು ಮೊದಲ ದಿನವೇ ಎತ್ತಿಕೊಳ್ಳಬೇಡಿ. ಈ ಪ್ರಕಾರ ಬೆಳೆದದ್ದೇ ಪತ್ರಿಕೆಗಳ ಪುಟಗಳಲ್ಲಿ. ಹ್ಯೂಗೊ ಗರ್ನ್ಸ್‌ಬ್ಯಾಕ್ 1926ರ ಏಪ್ರಿಲ್‌ನಲ್ಲಿ ‘ಅಮೇಜಿಂಗ್ ಸ್ಟೋರೀಸ್’ ಪತ್ರಿಕೆ ಶುರು ಮಾಡಿದ ಮೇಲೆ ಅಮೆರಿಕದ ಈ ಕತೆಗಾರರಿಗೆ ಅಂಥ ಅಗ್ಗದ ಮಾಸಪತ್ರಿಕೆಗಳೇ ಆಡುಂಬೊಲವಾದವು. ಈಗ ದಪ್ಪ ಸರಣಿಯಾಗಿ ಸಿಗುವ ಐಸಾಕ್ ಅಸಿಮೊವ್ ಅವರ ‘ಫೌಂಡೇಶನ್’ ಕೂಡ 1942ರಲ್ಲಿ ಪತ್ರಿಕೆಯ ಕತೆಯಾಗಿಯೇ ಹುಟ್ಟಿದ್ದು. ಅಂದರೆ ಈ ಪ್ರಕಾರದ ಸಹಜ ಅಳತೆ ಒಂದು ಸಂಜೆಯ ಓದು.

ಮೊದಲ ಕತೆ ಯಾವುದು ಎಂದು ಕೇಳಿದರೆ ನನ್ನ ಆಯ್ಕೆ ರೇ ಬ್ರಾಡ್‌ಬರಿ 1950ರಲ್ಲಿ ಬರೆದ ‘ದೇರ್ ವಿಲ್ ಕಮ್ ಸಾಫ್ಟ್ ರೇನ್ಸ್’. ಒಂದು ಮನೆ ಇದೆ. ಬೆಳಿಗ್ಗೆ ಅದೇ ಗಂಟೆ ಹೇಳುತ್ತದೆ, ಅದೇ ಟೋಸ್ಟ್ ಸುಡುತ್ತದೆ, ಕಾಫಿ ಮಾಡುತ್ತದೆ, ಇವತ್ತು ಯಾರ ಹುಟ್ಟುಹಬ್ಬ, ಯಾವ ಬಿಲ್ ಕಟ್ಟಬೇಕು ಎಂದು ನೆನಪಿಸುತ್ತದೆ. ತಿನ್ನಲು ಯಾರೂ ಬರುವುದಿಲ್ಲ. ಯಾಕೆ ಬರುವುದಿಲ್ಲ ಎನ್ನುವುದು ಹೊರಗಿನ ಸುಟ್ಟ ಗೋಡೆಯನ್ನು ನೋಡಿದಾಗ ನಿಮಗೇ ಹೊಳೆಯುತ್ತದೆ. ಕತೆಯಲ್ಲಿ ಜೀವಂತ ಮನುಷ್ಯ ಒಬ್ಬನೂ ಇಲ್ಲ. ವಿಜ್ಞಾನದ ಪಾಠವೂ ಒಂದು ಸಾಲಿಲ್ಲ. ‘ದಿ ಮಾರ್ಷಿಯನ್ ಕ್ರಾನಿಕಲ್ಸ್’ ಪುಸ್ತಕದಲ್ಲಿ ಬ್ರಾಡ್‌ಬರಿ ಈ ಕತೆಗೆ ಕೊಟ್ಟ ತಿಂಗಳು 2026ರ ಆಗಸ್ಟ್. ಮಾತಾಡುವ ಸ್ಪೀಕರ್ ಅಡುಗೆಮನೆಗೆ ಬಂದು ಕೂತಿರುವ ಈ ದಿನಗಳಲ್ಲಿ ಅದನ್ನು ಓದುವುದು ಬೇರೆಯೇ ಅನುಭವ.

2. ಮೊದಲ ಹತ್ತು ಪುಟ ತಿಳಿಯದಿದ್ದರೆ ತಿಳಿಯದೇ ಇರಲಿ

ಹೊಸಬರು ಸೋಲುವುದು ಇಲ್ಲೇ, ಹಾಗಾಗಿ ಇಲ್ಲಿ ಸ್ವಲ್ಪ ನಿಲ್ಲೋಣ.

ಸಾಮಾನ್ಯ ಕಾದಂಬರಿಯಲ್ಲಿ ಲೇಖಕ ‘ಬಾಗಿಲು ತೆರೆಯಿತು’ ಎಂದರೆ ನೀವು ಮುಂದೆ ಹೋಗುತ್ತೀರಿ. ರಾಬರ್ಟ್ ಹೈನ್‌ಲೈನ್ 1942ರ ಒಂದು ಕಾದಂಬರಿಯಲ್ಲಿ ಬಾಗಿಲನ್ನು ಕಣ್ಣಿನ ಪಾಪೆ ಹಿಗ್ಗಿದ ಹಾಗೆ ಹಿಗ್ಗಿಸಿ ಸುಮ್ಮನಾಗುತ್ತಾರೆ. ಅದೆಂಥ ಬಾಗಿಲು, ಯಾರು ಮಾಡಿದ್ದು, ಕರೆಂಟು ಹೋದರೆ ಏನು ಗತಿ, ಯಾವುದಕ್ಕೂ ವಿವರಣೆ ಇಲ್ಲ. ಅಲ್ಲಿನವರಿಗೆ ಅದು ದಿನನಿತ್ಯದ ಬಾಗಿಲು. ದಿನನಿತ್ಯದ ಬಾಗಿಲನ್ನು ಯಾರು ವಿವರಿಸುತ್ತಾರೆ? ಪಳಗಿದ ಓದುಗ ಅಲ್ಲಿ ತಡವರಿಸುವುದಿಲ್ಲ. ‘ಸರಿ, ಇದು ನಮ್ಮ ಕಾಲವಲ್ಲ’ ಎಂದು ಮನಸ್ಸಿನ ಮೂಲೆಯಲ್ಲಿ ಬರೆದುಕೊಂಡು ಮುಂದಿನ ಸುಳಿವಿಗೆ ಕಾಯುತ್ತಾನೆ. ಇಂಥ ಇಪ್ಪತ್ತು ಮೂವತ್ತು ಸುಳಿವು ಸೇರಿದಾಗ ಒಂದು ಲೋಕ ತಾನಾಗಿ ನಿಲ್ಲುತ್ತದೆ.

‘ಡ್ಯೂನ್’ ತೆಗೆದುಕೊಳ್ಳಿ. ಫ್ರಾಂಕ್ ಹರ್ಬರ್ಟ್ ಅವರ ಈ ಕಾದಂಬರಿಯನ್ನು ಸುಮಾರು ಇಪ್ಪತ್ತು ಪ್ರಕಾಶಕರು ಬೇಡವೆಂದ ಮೇಲೆ 1965ರಲ್ಲಿ ಅಚ್ಚು ಹಾಕಿದ್ದು ಕಾರು ರಿಪೇರಿ ಕೈಪಿಡಿಗಳಿಗೆ ಹೆಸರಾದ ಚಿಲ್ಟನ್ ಎಂಬ ಸಂಸ್ಥೆ. ಪುಸ್ತಕದ ಕೊನೆಗೆ ಉದ್ದದ ಪದಕೋಶವಿದೆ. ಹೊಸಬರು ಪ್ರತಿ ಸಾಲಿಗೂ ಹಿಂದೆ ಹೋಗಿ ಬಂದು ಸುಸ್ತಾಗುತ್ತಾರೆ. ಬೇಡ. ಕತೆಯಲ್ಲೇ ಒಂದು ಸಭೆ ಬರುತ್ತದೆ. ಮರುಭೂಮಿಯ ಬುಡಕಟ್ಟಿನ ಮುಖಂಡ ಸ್ಟಿಲ್‌ಗಾರ್ ಹೊಸದಾಗಿ ಬಂದ ದೊರೆಯ ಎದುರು ಮೇಜಿನ ಮೇಲೆ ಉಗುಳುತ್ತಾನೆ. ದೊರೆಯ ಕಡೆಯವರು ಕೆರಳಿ ಎದ್ದು ನಿಲ್ಲುತ್ತಾರೆ. ಆ ಜನರ ನಡುವೆ ಇದ್ದು ಬಂದ ಒಬ್ಬ ಮಾತ್ರ ಮುಖಂಡನಿಗೆ ವಂದನೆ ಹೇಳುತ್ತಾನೆ: ಹನಿ ನೀರಿಗೂ ಗತಿಯಿಲ್ಲದ ನೆಲದಲ್ಲಿ ಮೈಯ ತೇವವನ್ನು ಎದುರಿಗಿಟ್ಟದ್ದು ಗೌರವ. ಬೇಸಿಗೆಯಲ್ಲಿ ಟ್ಯಾಂಕರ್‌ಗೆ ಕೊಡ ಸಾಲಿಟ್ಟು ಕಾದ ನಮ್ಮ ಬಯಲುಸೀಮೆಯವರಿಗೆ ಆ ಒಂದು ಪುಟ ಸಾಕು, ಪದಕೋಶ ಕಲಿಸದ್ದನ್ನೆಲ್ಲ ಕಲಿಸುತ್ತದೆ.

ಹಾಗೆ ನೋಡಿದರೆ ಈ ತಾಳ್ಮೆ ಕನ್ನಡದ ಓದುಗರಿಗೆ ಹೊಸತೇನಲ್ಲ. ದೇವನೂರ ಮಹಾದೇವ ಅವರ ‘ಕುಸುಮಬಾಲೆ’ಯನ್ನು ಧಾರವಾಡದವರೊಬ್ಬರು ಮೊದಲ ಬಾರಿ ತೆರೆದಾಗ ಎಷ್ಟು ಮಾತು ಅರ್ಥವಾಗಿದ್ದೀತು? ನಂಜನಗೂಡು ಸೀಮೆಯ ಆ ನುಡಿಗೆ ಕಿವಿ ಹೊಂದಿಕೊಳ್ಳಲು ಕೆಲವು ಪುಟ ಬೇಕು. ಅಷ್ಟರಲ್ಲಿ ದೀಪದ ಜೋತಮ್ಮಂದಿರು ಮಾತಾಡಲು ಶುರು ಮಾಡಿರುತ್ತಾರೆ, ನಾವು ಒಪ್ಪಿಕೊಂಡಿರುತ್ತೇವೆ. ಅದನ್ನು ಓದಿ ದಕ್ಕಿಸಿಕೊಂಡವರು ‘ಡ್ಯೂನ್’ಗೆ ಹೆದರುವುದು ಅನ್ಯಾಯ.

3. ಬದಲಾಗಿರುವ ಒಂದನ್ನು ಹಿಡಿಯಿರಿ

ಒಳ್ಳೆಯ ವಿಜ್ಞಾನ ಕಥೆ ಲೋಕವನ್ನೆಲ್ಲ ತಲೆಕೆಳಗು ಮಾಡುವುದಿಲ್ಲ. ಒಂದು ಗುಂಡಿ ಒತ್ತುತ್ತದೆ, ಮಿಕ್ಕದ್ದನ್ನು ಇದ್ದ ಹಾಗೇ ಬಿಡುತ್ತದೆ. ಆಮೇಲೆ ಏನಾಗುತ್ತದೆ ಎನ್ನುವುದೇ ಕತೆ. ಈ ‘ಆಮೇಲೆ’ಯನ್ನು ಎಚ್.ಜಿ. ವೆಲ್ಸ್ ಅಷ್ಟು ಕಟ್ಟುನಿಟ್ಟಾಗಿ ಹಿಂಬಾಲಿಸಿದವರು ಕಡಿಮೆ. 1897ರ ‘ದಿ ಇನ್ವಿಸಿಬಲ್ ಮ್ಯಾನ್’ನಲ್ಲಿ ಅವರು ಮಾಡುವ ಬದಲಾವಣೆ ಒಂದೇ, ಒಬ್ಬ ಮನುಷ್ಯ ಕಣ್ಣಿಗೆ ಕಾಣಿಸುವುದಿಲ್ಲ. ಆದರೆ ಬಟ್ಟೆ ಕಾಣುತ್ತದೆ, ಆದ್ದರಿಂದ ಅಡಗಬೇಕಾದರೆ ಚಳಿಯಲ್ಲಿ ಬೆತ್ತಲೆ ತಿರುಗಬೇಕು. ತಿಂದ ಅನ್ನ ಅರಗುವವರೆಗೆ ಹೊಟ್ಟೆಯಲ್ಲಿ ಕಾಣುತ್ತದೆ. ಹಿಮ ಬಿದ್ದರೆ ಮೈಯ ಆಕಾರ ಬಯಲಾಗುತ್ತದೆ. ನೆಗಡಿಯಾದರೆ ಸೀನು ಬರುತ್ತದೆ. ಇಪಿಂಗ್ ಎಂಬ ಹಳ್ಳಿಯ ಛತ್ರದ ಯಜಮಾನಿಗಂತೂ ಇವನ ಬಾಡಿಗೆ ಬಾಕಿಯದೇ ಚಿಂತೆ. ಜಗತ್ತನ್ನು ಆಳುತ್ತೇನೆಂದು ಹೊರಟವನು ಒಂದು ಕೋಟು, ಒಂದು ಊಟಕ್ಕೆ ಪರದಾಡುತ್ತಾನೆ. ಪುರಾಣಗಳಲ್ಲಿ ಅದೃಶ್ಯರಾಗುವವರನ್ನು ನಾವು ಬೇಕಾದಷ್ಟು ನೋಡಿದ್ದೇವೆ. ಅವರಲ್ಲಿ ಯಾರಿಗೂ ನೆಗಡಿಯಾದದ್ದನ್ನು ನಾನು ಓದಿಲ್ಲ. ಈ ಎರಡು ಬಗೆಯ ಕತೆಗಳ ಫರಕು ಇರುವುದೂ ಅಲ್ಲೇ.

ಉರ್ಸುಲಾ ಲೆ ಗ್ವಿನ್ 1969ರ ‘ದಿ ಲೆಫ್ಟ್ ಹ್ಯಾಂಡ್ ಆಫ್ ಡಾರ್ಕ್‌ನೆಸ್’ನಲ್ಲಿ ಒತ್ತಿದ ಗುಂಡಿ ಇನ್ನೂ ದೊಡ್ಡದು. ಗೆಥೆನ್ ಎಂಬ ಹಿಮಗ್ರಹದ ಜನ ತಿಂಗಳ ಬಹುಪಾಲು ಗಂಡೂ ಅಲ್ಲ, ಹೆಣ್ಣೂ ಅಲ್ಲ. ಕೆಲವೇ ದಿನ ಎರಡರಲ್ಲಿ ಒಂದಾಗುತ್ತಾರೆ, ಯಾವುದು ಎಂಬುದು ಅವರ ಕೈಯಲ್ಲಿಲ್ಲ. ಒಂದು ಮಗುವಿನ ತಾಯಿ ಇನ್ನೊಂದು ಮಗುವಿನ ತಂದೆಯಾಗಿರಬಹುದು. ರಾಜನೇ ಬಸುರಿಯಾಗಬಹುದು. ಹೆರಿಗೆ ರಜೆಯಿಂದ ಹಿಡಿದು ಗಾದೆಮಾತಿನವರೆಗೆ ಅಲ್ಲಿ ಏನೆಲ್ಲ ಬೇರೆಯಾಗುತ್ತದೆ ಎಂದು ಯೋಚಿಸುತ್ತ ಓದಿದರೆ ಮೊದಲ ನೂರು ಪುಟಗಳ ನಿಧಾನ ಕಾಡುವುದಿಲ್ಲ.

ಪುಸ್ತಕದ ಮೊದಲ ಖಾಲಿ ಹಾಳೆಯಲ್ಲಿ ಪೆನ್ಸಿಲ್ಲಿನಿಂದ ಬರೆದಿಡಿ: ಇಲ್ಲಿ ಏನು ಬದಲಾಗಿದೆ? ಐವತ್ತು ಪುಟದೊಳಗೆ ಒಂದು ಸಾಲಿನ ಉತ್ತರ ಸಿಕ್ಕರೆ ದಾರಿ ಸಿಕ್ಕಿತು ಎಂದೇ ಲೆಕ್ಕ.

4. ಗಣಿತ ಬಂದರೆ ದಾಟಿ ಹೋಗಿ

ಕಕ್ಷೆ, ಇಂಧನ, ಗುರುತ್ವ ಎಂದು ಎರಡು ಪುಟ ಸಾಗಿದರೆ ಕಣ್ಣಾಡಿಸಿ ಮುಂದೆ ಹೋಗಬಹುದು, ಯಾರೂ ಪರೀಕ್ಷೆ ಇಡುವುದಿಲ್ಲ. ಮಲೆನಾಡಿನ ಕಾದಂಬರಿಯಲ್ಲಿ ಬರುವ ಮರಗಳ ಹೆಸರನ್ನೆಲ್ಲ ನಾವು ಗುರುತಿಸಿ ಓದುತ್ತೇವೆಯೆ?

5. ತಪ್ಪು ಹಿಡಿಯಿರಿ, ಪುಸ್ತಕ ಮುಚ್ಚಬೇಡಿ

ವಿಜ್ಞಾನ ಬಲ್ಲವರ ಕಾಯಿಲೆ ಇದು. ಜೂಲ್ಸ್ ವರ್ನ್ 1865ರಲ್ಲಿ ಮೂವರನ್ನು ಫ್ಲಾರಿಡಾದಿಂದ ಫಿರಂಗಿಯಲ್ಲಿಟ್ಟು ಚಂದ್ರನತ್ತ ಹಾರಿಸಿದರು. ನಿಜಕ್ಕೂ ಹಾಗೆ ಹಾರಿಸಿದ್ದರೆ ಆ ಒಂದು ಹೊಡೆತಕ್ಕೇ ಮೂವರೂ ಚಟ್ನಿಯಾಗುತ್ತಿದ್ದರು. ಅದೇ ವರ್ನ್ 1901ರಲ್ಲಿ ವೆಲ್ಸ್ ಗುರುತ್ವವನ್ನು ತಡೆಯುವ ಒಂದು ವಸ್ತುವನ್ನು ಕಲ್ಪಿಸಿ ಚಂದ್ರಯಾನ ಮಾಡಿಸಿದಾಗ, ನಾನು ಭೌತವಿಜ್ಞಾನ ಬಳಸುತ್ತೇನೆ, ಈತ ಬರೀ ಕಲ್ಪಿಸುತ್ತಾನೆ ಎಂಬ ಧಾಟಿಯಲ್ಲಿ ಗೊಣಗಿದ್ದುಂಟು. ಇಬ್ಬರ ಪುಸ್ತಕಗಳೂ ಇವತ್ತಿಗೂ ಅಚ್ಚಾಗುತ್ತಿವೆ.

ಬ್ರಾಡ್‌ಬರಿಯ ಶುಕ್ರಗ್ರಹದಲ್ಲಿ ಏಳು ವರ್ಷ ಎಡೆಬಿಡದೆ ಮಳೆ ಸುರಿಯುತ್ತದೆ. ನಿಜವಾದ ಶುಕ್ರನ ನೆಲದ ಬಿಸಿ ಸುಮಾರು 460 ಡಿಗ್ರಿ ಸೆಲ್ಸಿಯಸ್. ‘ದಿ ಮಾರ್ಷಿಯನ್’ ಕಾದಂಬರಿ ಶುರುವಾಗುವುದೇ ಮಂಗಳದ ಬಿರುಗಾಳಿಯಿಂದ. ಆದರೆ ಅಲ್ಲಿನ ಗಾಳಿಯ ಒತ್ತಡ ನಮ್ಮದರ ನೂರರಲ್ಲಿ ಒಂದು ಪಾಲಿಗಿಂತ ಕಡಿಮೆ, ಅಂಥ ಗಾಳಿ ರಾಕೆಟ್ ಉರುಳಿಸಲಾರದು. ಇದು ತನಗೆ ಗೊತ್ತಿದ್ದೂ ಕತೆಗಾಗಿ ಹಾಗೆ ಮಾಡಿದೆ ಎಂದು ಆಂಡಿ ವಿಯರ್ ಒಪ್ಪಿಕೊಂಡಿದ್ದಾರೆ. ಆರ್ಥರ್ ಕ್ಲಾರ್ಕ್ ಇನ್ನೂ ಒಂದು ಹೆಜ್ಜೆ ಮುಂದೆ. 1956ರಿಂದ ಶ್ರೀಲಂಕಾದಲ್ಲೇ ನೆಲೆಸಿದ್ದ ಅವರು ‘ದಿ ಫೌಂಟನ್ಸ್ ಆಫ್ ಪ್ಯಾರಡೈಸ್’ನಲ್ಲಿ ಆಕಾಶಕ್ಕೇರುವ ಲಿಫ್ಟ್ ಕಟ್ಟಲು ಹೊರಟರು. ಅದಕ್ಕೆ ಭೂಮಧ್ಯರೇಖೆಯ ಮೇಲಿನ ಜಾಗ ಬೇಕು. ಸರಿ, ದ್ವೀಪವನ್ನೇ ದಕ್ಷಿಣಕ್ಕೆ ಸರಿಸಿಬಿಟ್ಟರು!

ಇದಕ್ಕೆ ಸೇರಿದ ಇನ್ನೊಂದು ಮಾತು. ಈ ಲೇಖಕರು ಜೋಯಿಸರಲ್ಲ, ‘ಹೇಳಿದ್ದು ನಿಜವಾಯಿತೆ’ ಎಂದು ಅಂಕ ಹಾಕಬೇಡಿ. ಭೂಸ್ಥಿರ ಉಪಗ್ರಹಗಳಿಂದ ಜಗತ್ತಿಗೆಲ್ಲ ಪ್ರಸಾರ ಮಾಡಬಹುದೆಂದು ಕ್ಲಾರ್ಕ್ 1945ರಲ್ಲಿ ಬರೆದರು, ಇವತ್ತು ಹಾಸನದ ಮಾಸ್ಟರ್ ಕಂಟ್ರೋಲ್ ಫೆಸಿಲಿಟಿ ನಿಭಾಯಿಸುವ ಭೂಸ್ಥಿರ ಉಪಗ್ರಹಗಳು ಅದೇ ಸುಮಾರು 36,000 ಕಿ.ಮೀ. ಎತ್ತರದಲ್ಲಿವೆ. ಆದರೆ ಅದನ್ನು ಅವರು ಹೇಳಿದ್ದು ಕತೆಯಲ್ಲಲ್ಲ, ‘ವೈರ್‌ಲೆಸ್ ವರ್ಲ್ಡ್’ ಎಂಬ ತಾಂತ್ರಿಕ ಪತ್ರಿಕೆಯ ಲೇಖನದಲ್ಲಿ.

6. ಇಸವಿ ನೋಡಿ

ಮುಂದಿನ ಶತಮಾನದ ಕತೆ ಎಂದು ಕೈಗೆತ್ತಿಕೊಂಡರೂ ಅದನ್ನು ಬರೆದ ವರ್ಷವನ್ನೊಮ್ಮೆ ನೋಡಿಕೊಳ್ಳಿ. ಭವಿಷ್ಯದ ವೇಷ ಹಾಕಿರುವುದು ಬಹುಮಟ್ಟಿಗೆ ಆ ವರ್ಷವೇ.

1815ರಲ್ಲಿ ಇಂಡೋನೇಷ್ಯಾದ ತಂಬೋರಾ ಜ್ವಾಲಾಮುಖಿ ಸಿಡಿಯಿತು. ಅದರ ಬೂದಿ, ಮಂಜು ಆಕಾಶಕ್ಕೇರಿ ಮರುವರ್ಷ ಯುರೋಪಿಗೆ ಬೇಸಿಗೆಯೇ ಬರಲಿಲ್ಲ. ಜಿನೀವಾ ಸರೋವರದ ದಡದಲ್ಲಿ ಮಳೆಗೆ ಸಿಕ್ಕಿ ಮನೆಯೊಳಗೇ ಕೂತ ಒಂದು ಗೆಳೆಯರ ಗುಂಪು ದೆವ್ವದ ಕತೆ ಕಟ್ಟುವ ಪಂಥ ಹಾಕಿಕೊಂಡಿತು. ಗುಂಪಿನಲ್ಲಿದ್ದ ಹದಿನೆಂಟರ ಹುಡುಗಿ ಕಟ್ಟಿದ್ದು ದೆವ್ವವಿಲ್ಲದ ಕತೆ. 1818ರಲ್ಲಿ ಅದು ಲೇಖಕಿಯ ಹೆಸರೂ ಇಲ್ಲದೆ ‘ಫ್ರಾಂಕೆನ್‌ಸ್ಟೈನ್’ ಎಂದು ಹೊರಬಂತು. ಮೇರಿ ಶೆಲ್ಲಿಯ ಆ ಪ್ರಾಣಿಗೆ ಜೀವ ಕೊಟ್ಟದ್ದು ಮಂತ್ರವಲ್ಲ, ಪ್ರಯೋಗ. ಸತ್ತ ಕಪ್ಪೆಯ ಕಾಲು ವಿದ್ಯುತ್ತು ತಾಗಿದರೆ ಝಾಡಿಸುತ್ತದೆ ಎಂದು ಆಗಿನ ವಿದ್ಯಾವಂತರೆಲ್ಲ ಬೆರಗಾಗಿದ್ದ ಕಾಲವದು.

ವೆಲ್ಸ್ ಅವರ ‘ದಿ ವಾರ್ ಆಫ್ ದಿ ವರ್ಲ್ಡ್ಸ್’ 1898ರದು. ಸಾಮ್ರಾಜ್ಯದಲ್ಲಿ ಸೂರ್ಯ ಮುಳುಗದ ಕಾಲ. ಮಂಗಳದವರು ಬಂದು ಲಂಡನ್ನಿನವರನ್ನು ಹೊಸಕಿಹಾಕುತ್ತಾರೆ. ಟಾಸ್ಮೇನಿಯಾದ ಮೂಲನಿವಾಸಿಗಳಿಗೆ ನಾವು ಮಾಡಿದ್ದೇನು ಎಂದು ವೆಲ್ಸ್ ಮೊದಲ ಅಧ್ಯಾಯದಲ್ಲೇ ಕೇಳಿಬಿಡುತ್ತಾರೆ. ವಸಾಹತಿನಲ್ಲಿ ಬದುಕಿದ ಅಜ್ಜಂದಿರ ಮೊಮ್ಮಕ್ಕಳಾದ ನಮಗೆ ಈ ಪುಸ್ತಕ ಲಂಡನ್ನಿನವರಿಗಿಂತ ಬೇಗ ಅರ್ಥವಾಗಬೇಕು. ಕಾರೆಲ್ ಚಾಪೆಕ್ 1920ರಲ್ಲಿ ರೋಬೊಗಳನ್ನು ನಾಟಕಕ್ಕೆ ತಂದಾಗ ಅವು ತಗಡಿನ ಯಂತ್ರಗಳಾಗಿರಲಿಲ್ಲ, ಕಾರ್ಖಾನೆಯಲ್ಲಿ ತಯಾರಾದ ಕೂಲಿಗಳಾಗಿದ್ದವು. ಕಾರ್ಮಿಕರು ಎದ್ದು ನಿಂತಿದ್ದ ಯುರೋಪ್ ಅದು.

ಲಿಯು ಸಿಶಿನ್ ಅವರ ‘ದಿ ತ್ರೀ ಬಾಡಿ ಪ್ರಾಬ್ಲಂ’ ಇಂಗ್ಲಿಷಿನಲ್ಲಿ ಶುರುವಾಗುವುದು 1967ರ ಸಾಂಸ್ಕೃತಿಕ ಕ್ರಾಂತಿಯ ಒಂದು ಭೀಕರ ಸಭೆಯಿಂದ. ಚೀನೀ ಪುಸ್ತಕದಲ್ಲಿ ಆ ಭಾಗವನ್ನು ನಡುವೆಲ್ಲೋ ಹುದುಗಿಸಲಾಗಿತ್ತು. ಕೆನ್ ಲಿಯು ಅನುವಾದಿಸುವಾಗ, ಲೇಖಕರು ಮೊದಲು ಬಯಸಿದ್ದ ಹಾಗೆಯೇ, ಅದನ್ನು ಮುಂದಕ್ಕೆ ತಂದರು. ಆ ಸಭೆಯನ್ನು ಮೊದಲೇ ಓದಿಕೊಂಡರೆ, ಒಬ್ಬ ವಿಜ್ಞಾನಿ ಮನುಷ್ಯಕುಲದ ಮೇಲೇ ಯಾಕೆ ನಂಬಿಕೆ ಕಳೆದುಕೊಂಡಳು ಎಂಬುದು ಕೊನೆಯವರೆಗೂ ಬೆನ್ನಿಗಿರುತ್ತದೆ.

7. ನಾಯಕ ಸಿಗದಿದ್ದರೆ ಗಾಬರಿ ಬೇಡ

ಕಾದಂಬರಿಯೆಂದರೆ ಪಾತ್ರ ಎಂದು ನಮಗೆ ಅಭ್ಯಾಸ. ಇಲ್ಲಿ ಕೆಲವೊಮ್ಮೆ ಜಾಗವೇ ನಾಯಕ. ಕ್ಲಾರ್ಕ್ ಅವರ ‘ರೆಂಡೆವೂ ವಿತ್ ರಾಮಾ’ದಲ್ಲಿ 50 ಕಿ.ಮೀ. ಉದ್ದದ, ಯಾರು ಕಟ್ಟಿದರೋ ತಿಳಿಯದ ಒಂದು ಉರುಳೆ ಸೌರಮಂಡಲವನ್ನು ಹಾದುಹೋಗುತ್ತದೆ. ಒಳಹೊಕ್ಕ ಗಗನಯಾತ್ರಿಗಳ ಹೆಸರು ಓದಿ ಮುಗಿಸಿದ ಮರುದಿನ ಮರೆತುಹೋಗುತ್ತದೆ, ಒಳಗಿನ ಮೆಟ್ಟಿಲುಗಳೂ ಹೆಪ್ಪುಗಟ್ಟಿದ ಸಮುದ್ರವೂ ಮರೆಯುವುದಿಲ್ಲ. ‘ಫೌಂಡೇಶನ್’ನಲ್ಲಿ ಒಬ್ಬ ಪಾತ್ರ ಪರಿಚಯವಾಗುವಷ್ಟರಲ್ಲಿ ಹಲವು ದಶಕ ಉರುಳಿ ಆತ ಪ್ರತಿಮೆಯಾಗಿರುತ್ತಾನೆ. ಅಸಿಮೊವ್ ಪಾತ್ರಗಳಿಗೆ ಮಾತಿದೆ, ಮೈಯಿಲ್ಲ; ಇದು ಅವರ ಅಭಿಮಾನಿಗಳೂ ಒಪ್ಪುವ ದೂರು.

ಮನುಷ್ಯರೇ ಬೇಕು ಎನ್ನುವವರು ಡೇನಿಯಲ್ ಕೀಸ್ ಅವರ ‘ಫ್ಲವರ್ಸ್ ಫಾರ್ ಆಲ್ಜರ್ನಾನ್’ ಓದಬೇಕು. 1959ರ ಸಣ್ಣಕತೆ ಸಾಕು, ಆಮೇಲೆ ಅದನ್ನೇ ಕಾದಂಬರಿಯಾಗಿ ಹಿಗ್ಗಿಸಿದ್ದಾರೆ. ಬುದ್ಧಿಮಾಂದ್ಯನಾದ ಚಾರ್ಲಿಗೆ ಬುದ್ಧಿ ಹೆಚ್ಚಿಸುವ ಶಸ್ತ್ರಚಿಕಿತ್ಸೆ ಆಗುತ್ತದೆ. ಕತೆಯೆಲ್ಲ ಅವನದೇ ದಿನಚರಿ. ಮೊದಲ ಪುಟಗಳ ಕಾಗುಣಿತ ತಪ್ಪುಗಳು ನಿಧಾನ ಮಾಯವಾಗುತ್ತವೆ, ವಾಕ್ಯಗಳು ಬೆಳೆಯುತ್ತವೆ. ಆಮೇಲೆ ಒಂದು ಪುಟದಲ್ಲಿ ಒಂದು ತಪ್ಪು ಕಾಣಿಸಿಕೊಳ್ಳುತ್ತದೆ. ಓದುಗರ ಎದೆ ಅಲ್ಲಿ ಧಸಕ್ಕೆನ್ನುತ್ತದೆ, ಲೇಖಕ ಏನೂ ಹೇಳಬೇಕಾಗಿಯೇ ಇಲ್ಲ.

8. ಸಿನಿಮಾ ನೋಡಿ ಬಂದವರು ಸಿನಿಮಾವನ್ನು ಹೊರಗೆ ಬಿಟ್ಟು ಬನ್ನಿ

‘ಅರೈವಲ್’ ನೋಡಿದವರು ಟೆಡ್ ಚಿಯಾಂಗ್ ಅವರ ‘ಸ್ಟೋರಿ ಆಫ್ ಯುವರ್ ಲೈಫ್’ನಲ್ಲಿ ಚೀನಾದ ಸೇನಾಪತಿಯನ್ನು ಹುಡುಕಿದರೆ ಆತ ಅಲ್ಲಿಲ್ಲ. ಬೆಳಕಿನ ಕಿರಣ ಯಾವ ದಾರಿ ಹಿಡಿಯುತ್ತದೆ ಎಂಬ, ಗಣಿತಜ್ಞ ಫರ್ಮಾ ಅವರ ಹಳೆಯ ನಿಯಮ ಇದೆ, ಒಬ್ಬ ತಾಯಿ ಇದ್ದಾಳೆ. ‘ಬ್ಲೇಡ್ ರನ್ನರ್’ 1982ರಲ್ಲಿ ಬಂತು, ಅದರ ಮೂಲವಾದ ಫಿಲಿಪ್ ಡಿಕ್ ಕಾದಂಬರಿ 1968ರದು. ಸಿನಿಮಾದ ನಿಯಾನ್ ಬೆಳಕು, ಮಳೆ ಪುಸ್ತಕದಲ್ಲಿಲ್ಲ. ಪ್ರಾಣಿಗಳು ಹೆಚ್ಚುಕಡಿಮೆ ಅಳಿದುಹೋದ ಭೂಮಿಯಲ್ಲಿ ಜೀವಂತ ಪ್ರಾಣಿ ಸಾಕುವುದೇ ದೊಡ್ಡಸ್ತಿಕೆ. ನಾಯಕನ ಮಾಳಿಗೆಯ ಮೇಲಿರುವುದು ಕರೆಂಟಿನ ಕುರಿ. ಪಕ್ಕದವನ ನಿಜವಾದ ಕುದುರೆ ಗಬ್ಬವಾಗಿದೆ ಎಂದು ಈತನಿಗೆ ಹೊಟ್ಟೆಯುರಿ, ಜೇಬಿನಲ್ಲಿ ಪ್ರಾಣಿಗಳ ಬೆಲೆಪಟ್ಟಿ. ನನಗೆ ಸಿನಿಮಾಕ್ಕಿಂತ ಈ ಬೆಲೆಪಟ್ಟಿಯೇ ಇಷ್ಟ.

9. ನಮ್ಮವರು ಎಲ್ಲಿದ್ದಾರೆಂದು ನೋಡಿ

ವಿಜ್ಞಾನ ಕಥೆ ಪಶ್ಚಿಮದ ಸರಕು, ನಮಗೇನು ಎನ್ನುವವರಿಗೆ ಮೊದಲ ಉತ್ತರ ಕ್ಯಾಪ್ಟನ್ ನೀಮೋ. ವರ್ನ್ ಅವರ ಜಲಾಂತರ್ಗಾಮಿಯ ಈ ಒಡೆಯನ ಗುಟ್ಟು ‘ಟ್ವೆಂಟಿ ಥೌಸಂಡ್ ಲೀಗ್ಸ್’ನಲ್ಲಿ ಬಯಲಾಗುವುದಿಲ್ಲ. ಮೊದಲು ಅವನನ್ನು ರಷ್ಯಾದ ಮೇಲೆ ಹಗೆಯಿರುವ ಪೋಲೆಂಡಿನವನನ್ನಾಗಿ ಮಾಡಬೇಕೆಂದಿದ್ದರು, ಪ್ರಕಾಶಕರು ಬೇಡವೆಂದರು. ಕೆಲವು ವರ್ಷಗಳ ಮೇಲೆ ‘ದಿ ಮಿಸ್ಟೀರಿಯಸ್ ಐಲ್ಯಾಂಡ್’ನಲ್ಲಿ ನಿಜ ಹೊರಬಿತ್ತು: ಆತ ಬುಂದೇಲಖಂಡದ ರಾಜಕುಮಾರ ಡಕ್ಕಾರ್, 1857ರಲ್ಲಿ ಇಂಗ್ಲಿಷರ ವಿರುದ್ಧ ಹೋರಾಡಿ ಎಲ್ಲವನ್ನೂ ಕಳೆದುಕೊಂಡವನು, ಅಷ್ಟೇ ಅಲ್ಲ, ಟಿಪ್ಪು ಸುಲ್ತಾನನ ಸೋದರಳಿಯ! ಶ್ರೀರಂಗಪಟ್ಟಣಕ್ಕೂ ಬುಂದೇಲಖಂಡಕ್ಕೂ ಈ ನೆಂಟಸ್ತಿಕೆ ಯಾವಾಗ ಆಯಿತೋ ವರ್ನ್ ಅವರನ್ನೇ ಕೇಳಬೇಕು. 1799ರಲ್ಲಿ ತೀರಿಕೊಂಡ ಮಾವನಿಗೂ 1857ರಲ್ಲಿ ಕತ್ತಿ ಹಿಡಿದ ಅಳಿಯನಿಗೂ ವಯಸ್ಸಿನ ಲೆಕ್ಕವನ್ನು ಎಳೆದಾಡಿಯೇ ಹೊಂದಿಸಬೇಕು. ಹೊಂದಿಸಿಕೊಳ್ಳೋಣ ಬಿಡಿ, ಜಗತ್ತಿನ ಅತಿ ಪ್ರಸಿದ್ಧ ಜಲಾಂತರ್ಗಾಮಿಯಲ್ಲಿ ಮೈಸೂರಿನದೂ ಒಂದು ಪಾಲಿದೆ.

ನಮ್ಮವರೇ ಬರೆದದ್ದೂ ತಡವಾಗಿಯೇನೂ ಅಲ್ಲ. ಜಗದೀಶಚಂದ್ರ ಬೋಸ್ 1896ರಲ್ಲಿ ಒಂದು ತಲೆಗೂದಲ ಎಣ್ಣೆಯ ಕಂಪನಿ ಏರ್ಪಡಿಸಿದ ಸ್ಪರ್ಧೆಗೆ ಬಂಗಾಳಿ ಕತೆ ಬರೆದರು. ಅದರಲ್ಲಿ ಚಂಡಮಾರುತವನ್ನು ಅಡಗಿಸುವುದು ಸಮುದ್ರಕ್ಕೆ ಸುರಿದ ಒಂದು ಬಾಟಲಿ ಎಣ್ಣೆ. ರೇಡಿಯೊ ಅಲೆಗಳ ಮೇಲೆ ಪ್ರಯೋಗ ನಡೆಸುತ್ತಿದ್ದ ಕೈಯೇ ಇದನ್ನೂ ಬರೆಯಿತು. ಬೇಗಂ ರುಕಯ್ಯಾ ಸಖಾವತ್ ಹುಸೇನ್ ಅವರ ‘ಸುಲ್ತಾನಾಸ್ ಡ್ರೀಮ್’ 1905ರಲ್ಲಿ ಮದರಾಸಿನ ‘ದಿ ಇಂಡಿಯನ್ ಲೇಡೀಸ್ ಮ್ಯಾಗಜೀನ್’ನಲ್ಲಿ ಅಚ್ಚಾಯಿತು. ಆ ದೇಶದಲ್ಲಿ ಗಂಡಸರು ಮರ್ದಾನಾದೊಳಗೆ, ಹೆಂಗಸರು ಬೀದಿಯಲ್ಲಿ. ಅಡುಗೆ ಬಿಸಿಲಿನ ಶಾಖದಿಂದ, ನೀರು ನೇರ ಮೋಡದಿಂದ. ಯುದ್ಧ ಬಂದರೆ ಕೂಡಿಟ್ಟ ಬಿಸಿಲನ್ನೇ ಶತ್ರುವಿನ ಕಡೆ ತಿರುಗಿಸುವುದು. ಚಹಾ ಆರುವಷ್ಟರಲ್ಲಿ ಓದಿ ಮುಗಿಸಬಹುದಾದ ಈ ಕತೆಯನ್ನು ಹೈಸ್ಕೂಲಿನಲ್ಲಿ ಯಾಕೆ ಪಾಠಕ್ಕಿಡುವುದಿಲ್ಲವೋ ನನಗೆ ತಿಳಿಯದು.

ಖಗೋಳ ವಿಜ್ಞಾನಿ ಜಯಂತ ನಾರ್ಳೀಕರ್ 1974ರಲ್ಲಿ ಮರಾಠಿ ಸ್ಪರ್ಧೆಯೊಂದಕ್ಕೆ ಕಪ್ಪುಕುಳಿಯ ಕತೆಯನ್ನು ಕಲ್ಪಿತ ಹೆಸರಿನಲ್ಲಿ ಕಳಿಸಿ ಮೊದಲ ಬಹುಮಾನ ಗೆದ್ದರು. ತಮಿಳಿನ ಸುಜಾತಾ ರೋಬೊ ನಾಯಿ ಜೀನೋವನ್ನು ಓದುಗರ ಮನೆಮಾತಾಗಿಸಿದವರು, ಅವರು ಎಂಜಿನಿಯರಾಗಿದ್ದದ್ದು ನಮ್ಮ ಬೆಂಗಳೂರಿನ ಬಿಇಎಲ್‌ನಲ್ಲಿ. ಮತಯಂತ್ರದ ತಯಾರಿಯಲ್ಲೂ ಅವರ ಕೈಯಿತ್ತು. ಇತ್ತೀಚಿನವರಲ್ಲಿ ಲಾವಣ್ಯ ಲಕ್ಷ್ಮೀನಾರಾಯಣ್ ಇಂಗ್ಲಿಷಿನಲ್ಲಿ ಬರೆದ ‘ಅನಲಾಗ್/ವರ್ಚುವಲ್’ ನೋಡಿ. ಅಲ್ಲಿ ಬೆಂಗಳೂರು ಅಪೆಕ್ಸ್ ಸಿಟಿಯಾಗಿದೆ, ಅದನ್ನು ಒಂದು ಕಂಪನಿ ಆಳುತ್ತದೆ. ಕೆಲಸದ ಅಂಕದಲ್ಲಿ ಹಿಂದೆ ಬಿದ್ದವರನ್ನು ತಂತ್ರಜ್ಞಾನವಿಲ್ಲದ ಹೊರವಲಯಕ್ಕೆ ದೂಡಲಾಗುತ್ತದೆ. ಅಪ್ರೈಸಲ್ ತಿಂಗಳಲ್ಲಿ ಓದಬೇಡಿ, ನಿದ್ದೆ ಬರುವುದಿಲ್ಲ.

10. ಕನ್ನಡದಲ್ಲಿ ಸಿಗುತ್ತದೆ, ಹುಡುಕಬೇಕು

ವಿಜ್ಞಾನ ಬರಹದಲ್ಲಿ ಕನ್ನಡ ಬಡವಲ್ಲ. ಶಿವರಾಮ ಕಾರಂತರಿಂದ ಬಿ.ಜಿ.ಎಲ್. ಸ್ವಾಮಿ, ನಾಗೇಶ ಹೆಗಡೆಯವರವರೆಗೆ ದೊಡ್ಡ ಸಾಲೇ ಇದೆ. ವಿಜ್ಞಾನ ಕಥೆ ಮಾತ್ರ ಅಷ್ಟು ಹುಲುಸಾಗಲಿಲ್ಲ. ಈ ಪ್ರಕಾರಕ್ಕೆ ನಿಷ್ಠೆಯಿಂದ ದುಡಿದವರಲ್ಲಿ ಮೊದಲು ಬರುವ ಹೆಸರು ರಾಜಶೇಖರ ಭೂಸನೂರಮಠ. ಬಾಳ ಫೊಂಡ್ಕೆ ಸಂಪಾದಿಸಿ ನ್ಯಾಷನಲ್ ಬುಕ್ ಟ್ರಸ್ಟ್ 1993ರಲ್ಲಿ ತಂದ ಭಾರತೀಯ ವಿಜ್ಞಾನ ಕಥೆಗಳ ಇಂಗ್ಲಿಷ್ ಸಂಕಲನ ‘ಇಟ್ ಹ್ಯಾಪನ್ಡ್ ಟುಮಾರೊ’ದಲ್ಲೂ ಅವರ ಕತೆಯಿದೆ. ಅವರ ಪುಸ್ತಕಗಳಿಗಾಗಿ ಹೊಸ ಪುಸ್ತಕದಂಗಡಿಗಿಂತ ಗ್ರಂಥಾಲಯದ ಹಿಂದಿನ ಕಪಾಟು, ಹಳೆ ಪುಸ್ತಕದ ಅಂಗಡಿ ಅಲೆಯುವುದು ಲೇಸು.

ಮೆಟ್ಟಿಲಾಗಿ ಬಳಸಲು ಎರಡು ಸಲಹೆ. ಒಂದು, ಪೂರ್ಣಚಂದ್ರ ತೇಜಸ್ವಿಯವರ ‘ಕರ್ವಾಲೊ’. ಹಾರುವ ಓತಿ ನಮ್ಮ ಘಟ್ಟದಲ್ಲಿ ನಿಜವಾಗಿಯೂ ಇರುವ ಪ್ರಾಣಿ, ಹಾಗಾಗಿ ಇದನ್ನು ಕಟ್ಟುನಿಟ್ಟಾಗಿ ವಿಜ್ಞಾನ ಕಥೆ ಎನ್ನಲಾಗದು. ಆದರೆ ವಿಜ್ಞಾನದ ಒಂದು ಪ್ರಶ್ನೆ ಜೇನು ಹಿಡಿಯುವ ಮಂದಣ್ಣನಿಂದ ಹಿಡಿದು ನಿರೂಪಕನವರೆಗೆ ಎಲ್ಲರನ್ನೂ ಕಾಡಿಗೆಳೆಯುವ ರೀತಿ ಇದೆಯಲ್ಲ, ಅದು ಈ ಪ್ರಕಾರದ ಜೀವ. ಎರಡು, ಕೃಷಿ ವಿಜ್ಞಾನಿ ಕೆ.ಎನ್. ಗಣೇಶಯ್ಯನವರ ‘ಕನಕ ಮುಸುಕು’, ‘ಕರಿಸಿರಿಯಾನ’ಗಳು. ಅವು ಇತಿಹಾಸದ ಪತ್ತೇದಾರಿ, ಮುಂದಿನ ಕಾಲದವಲ್ಲ. ಸುಳಿವು ಕೂಡಿಸುತ್ತ ಓದುವ ಚಟ ಮಾತ್ರ ಅಲ್ಲಿ ಚೆನ್ನಾಗಿ ಹತ್ತುತ್ತದೆ.

11. ಇಂಗ್ಲಿಷ್ ಭಯವಿದ್ದರೆ ಲೇಖಕರನ್ನು ಆರಿಸಿ

ಕನ್ನಡ ಮಾಧ್ಯಮದಿಂದ ಬಂದವರಿಗೆ ಅಸಿಮೊವ್, ಕ್ಲಾರ್ಕ್ ಒಗ್ಗುತ್ತಾರೆ. ಸಣ್ಣ ವಾಕ್ಯ, ನೇರ ಮಾತು. ವಿಲಿಯಂ ಗಿಬ್ಸನ್ ಅವರ ‘ನ್ಯೂರೊಮ್ಯಾನ್ಸರ್’ ಸದ್ಯಕ್ಕೆ ಬೇಡ, ಇಂಗ್ಲಿಷನ್ನೇ ಉಸಿರಾಡುವವರೂ ಅಲ್ಲಿ ಏದುಸಿರು ಬಿಡುತ್ತಾರೆ. ವೆಲ್ಸ್, ವರ್ನ್, ಮೇರಿ ಶೆಲ್ಲಿ, ರುಕಯ್ಯಾ ಇವರ ಹಳೆಯ ಪುಸ್ತಕಗಳ ಹಕ್ಕಿನ ಅವಧಿ ಮುಗಿದಿರುವುದರಿಂದ ಫೋನಿನಲ್ಲೇ ಕಾಸು ಖರ್ಚಿಲ್ಲದೆ ಓದಬಹುದು.

12. ಬಿಡುವುದಕ್ಕೂ ಕಲಿಯಿರಿ

ವಿಜ್ಞಾನ ಕಥೆಗಳಲ್ಲಿ ನೂರಕ್ಕೆ ತೊಂಬತ್ತು ಕಸ ಎಂದು ಹಂಗಿಸಿದವರಿಗೆ ಲೇಖಕ ಥಿಯೋಡೋರ್ ಸ್ಟರ್ಜನ್ ಕೊಟ್ಟ ಉತ್ತರ, ಯಾವುದರಲ್ಲಿ ತಾನೆ ನೂರಕ್ಕೆ ತೊಂಬತ್ತು ಕಸವಿಲ್ಲ ಎಂಬರ್ಥದ್ದು. ಐವತ್ತು ಪುಟ ಆದ ಮೇಲೂ ಕುತೂಹಲ ಹುಟ್ಟದಿದ್ದರೆ ಪುಸ್ತಕ ವಾಪಸ್ ಕೊಡಿ. ಸರಣಿಗಳಲ್ಲಿ ಮೊದಲನೆಯದನ್ನು ಮಾತ್ರ ಕೊಳ್ಳಿ.

13. ಜಗಳ ಆಡಿ

ಈ ಕತೆಗಳನ್ನು ಒಬ್ಬರೇ ಓದಿ ಮಡಚಿಟ್ಟರೆ ಅರ್ಧ ರುಚಿ. ಟಾಮ್ ಗಾಡ್ವಿನ್ 1954ರಲ್ಲಿ ಬರೆದ ‘ದಿ ಕೋಲ್ಡ್ ಈಕ್ವೇಷನ್ಸ್’ ಅನ್ನು ಮನೆಯಲ್ಲಿ ನಾಲ್ಕು ಜನರ ಕೈಗೆ ಕೊಟ್ಟು ನೋಡಿ. ದೂರದ ಗ್ರಹವೊಂದಕ್ಕೆ ಔಷಧಿ ಒಯ್ಯುವ ಪುಟ್ಟ ನೌಕೆ. ಅಣ್ಣನನ್ನು ನೋಡುವ ಆಸೆಯಿಂದ ಒಬ್ಬ ಹುಡುಗಿ ಅದರಲ್ಲಿ ಕದ್ದು ಕೂತಿದ್ದಾಳೆ. ಇಂಧನ ಇರುವುದು ಚಾಲಕನ ತೂಕಕ್ಕೆ ಮಾತ್ರ. ಅವಳಿದ್ದರೆ ನೌಕೆ ಇಳಿಯದು, ಔಷಧಿ ತಲುಪದು, ಅಲ್ಲಿನ ರೋಗಿಗಳು ಉಳಿಯರು. ಗಾಡ್ವಿನ್ ಆ ಹುಡುಗಿಯನ್ನು ಹೇಗಾದರೂ ಉಳಿಸಲು ದಾರಿ ಹುಡುಕಿ ಹುಡುಕಿ ಬರೆಯುತ್ತಿದ್ದರಂತೆ, ಸಂಪಾದಕ ಜಾನ್ ಕ್ಯಾಂಪ್‌ಬೆಲ್ ಒಪ್ಪದೆ ಮತ್ತೆ ಮತ್ತೆ ತಿದ್ದಲು ಹಿಂದಿರುಗಿಸಿದರಂತೆ.

ಅತ್ತಿಗೆ ಹುಡುಗಿಯ ಪರ ನಿಲ್ಲಬಹುದು, ಲೆಕ್ಕಪತ್ರ ನೋಡುವ ಚಿಕ್ಕಪ್ಪ ಗಣಿತದ ಪರ. ಎಂಜಿನಿಯರಿಂಗ್ ಓದುವ ಮಗ ಮಾತ್ರ ಇಬ್ಬರನ್ನೂ ಬಿಟ್ಟು ಮೂರನೆಯದನ್ನು ಕೇಳುತ್ತಾನೆ, ಕೇಳಲೇಬೇಕು: ಒಂದು ಗುಟುಕು ಹೆಚ್ಚುವರಿ ಇಂಧನವೂ ಇಲ್ಲದ ನೌಕೆಯನ್ನು ಯಾವ ಪುಣ್ಯಾತ್ಮ ವಿನ್ಯಾಸ ಮಾಡಿದ, ಹೊರಡುವ ಮುಂಚೆ ಒಳಗೆ ಯಾರಿದ್ದಾರೆಂದು ಯಾಕೆ ನೋಡಲಿಲ್ಲ, ಬಾಗಿಲಿಗೆ ಬೀಗ ಯಾಕಿರಲಿಲ್ಲ? ಆ ಸಾವಿನ ಹೊಣೆ ಸಮೀಕರಣದ್ದೋ, ನೌಕೆ ಕಟ್ಟಿದವರದ್ದೋ ಎಂಬ ಜಗಳ ಓದುಗರ ನಡುವೆ ಹಲವು ದಶಕಗಳಿಂದ ನಡೆದಿದೆ, ಇನ್ನೂ ತೀರ್ಮಾನವಾಗಿಲ್ಲ.